ಬಾಗಿಲು ಮುಚ್ಚಿಸಿದ್ದು ಸರ್ಕಾರ, ನಷ್ಟ ಯಾರದು?

ಹೈದರಾಬಾದಿನ ಬಾಲಾನಗರ ಎಂದರೆ ಹಿಂದಿನವರಿಗೆ ಎರಡು ದೊಡ್ಡ ಹೆಸರುಗಳು ನೆನಪಾಗುತ್ತಿದ್ದವು. ಒಂದು, ಸೋವಿಯತ್ ನೆರವಿನಿಂದ ಕಟ್ಟಿದ ಐಡಿಪಿಎಲ್ ಔಷಧ ಕಾರ್ಖಾನೆ. ಇನ್ನೊಂದು, ವಿಮಾನಗಳಿಗೆ ಎಲೆಕ್ಟ್ರಾನಿಕ್ ಉಪಕರಣ ತಯಾರಿಸುವ ಎಚ್‌ಎಎಲ್ ಘಟಕ. 1968ರಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್ ಕೂಡ ಅಲ್ಲಿಗೇ ಬಂತು. ಇವುಗಳ ಸುತ್ತ, ಗಾಂಧಿನಗರದ ಸಹಕಾರಿ ಕೈಗಾರಿಕಾ ವಸಾಹತಿನಲ್ಲಿ, ಟೆಕ್ನೋಕ್ರಾಟ್ ಎಸ್ಟೇಟಿನಲ್ಲಿ, ಹಿಂದುಮುಂದಿನ ಗಲ್ಲಿಗಳಲ್ಲಿ ಸಣ್ಣ ಶೆಡ್ಡುಗಳು ತುಂಬಿಕೊಂಡವು. ಲೇತ್, ಮಿಲ್ಲಿಂಗ್, ಡೈ, ಪ್ಲೇಟಿಂಗ್, ಫ್ಯಾಬ್ರಿಕೇಶನ್, ಹೀಗೆ ಒಂದೊಂದು ಶೆಡ್ಡಿಗೆ ಒಂದೊಂದು ಕೆಲಸ. ಐಡಿಪಿಎಲ್ ನೆಲಕಚ್ಚಿ ದಶಕಗಳಾದರೂ ಈ ಶೆಡ್ಡುಗಳು ಉಳಿದುಕೊಂಡವು. ನಮ್ಮ ಪೀಣ್ಯದ ಒಳರಸ್ತೆಗಳಲ್ಲಿ ಓಡಾಡಿದವರಿಗೆ ಈ ನೋಟ ಹೊಸದೇನಲ್ಲ. ಬೀದರ, ಕಲಬುರಗಿ ಕಡೆಯವರು ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋಗುವುದು ಹಳೆಯ ರೂಢಿಯಾದ್ದರಿಂದ ಅಲ್ಲಿನ ಸುಖದುಃಖ ಕಲ್ಯಾಣ ಕರ್ನಾಟಕದ ಎಷ್ಟೋ ಮನೆಗಳಿಗೂ ತಟ್ಟುತ್ತದೆ.

ಇಂಥ ಶೆಡ್ಡಿನ ಯಜಮಾನ ಕಾನೂನಿನ ಕಣ್ಣಿಗೆ ಒಬ್ಬನೇ ಮನುಷ್ಯನಲ್ಲ. ಶೆಡ್ಡಿನ ಮಾಲೀಕನಿಗೆ ಅವನು ಬಾಡಿಗೆದಾರ, ಹುಡುಗರಿಗೆ ಸಂಬಳ ಕೊಡುವ ಧಣಿ, ಬ್ಯಾಂಕಿಗೆ ಸಾಲಗಾರ, ಸರ್ಕಾರಕ್ಕೆ ತೆರಿಗೆದಾರ. ಅವನಿಂದ ಮಾಲು ಕೊಂಡ ದೊಡ್ಡ ಕಂಪನಿಗೆ ಮಾತ್ರ ಅವನೇ ಸಾಲ ಕೊಟ್ಟವನು. 2020ರ ಮಾರ್ಚ್ 22ರಂದು ತೆಲಂಗಾಣ ಸರ್ಕಾರ, ಅದರ ಬೆನ್ನಿಗೇ 25ರಿಂದ ಕೇಂದ್ರ ಸರ್ಕಾರ ಲಾಕ್‌ಡೌನ್ ಜಾರಿಗೆ ತಂದಾಗ ಈ ಐದೂ ಸಂಬಂಧಗಳು ಒಟ್ಟಿಗೇ ಬಿಗಿದುಕೊಂಡವು. ಅಂದಿನಿಂದ ನ್ಯಾಯಾಲಯಗಳು, ಸಚಿವಾಲಯಗಳು, ರಿಸರ್ವ್ ಬ್ಯಾಂಕು, ಕಾರ್ಮಿಕ ಸಂಘಗಳು, ಉದ್ಯಮಿಗಳ ಸಂಘಗಳು ಬೇರೆ ಬೇರೆ ಮಾತಿನಲ್ಲಿ ಚರ್ಚಿಸಿದ ಪ್ರಶ್ನೆ ಒಂದೇ. ಜನರ ಜೀವ ಉಳಿಸಲು ಸರ್ಕಾರ ಬಾಗಿಲು ಮುಚ್ಚಿಸಿದಾಗ, ಆ ನಷ್ಟವನ್ನು ಯಾರು ಹೊರಬೇಕು? ಈ ಐದು ಸಂಬಂಧಗಳನ್ನು ನಮ್ಮ ಕಾನೂನು ಐದು ಕಡೆ ಬಿಡಿಬಿಡಿಯಾಗಿ ನೋಡಿತು ಎಂಬುದೇ ಸಣ್ಣವರಿಗೆ ಆದ ದೊಡ್ಡ ಅನ್ಯಾಯ ಎಂದು ನನಗೆ ಅನ್ನಿಸುತ್ತದೆ.

ಹಳೆಯ ಕಾಯ್ದೆ, ಅದರಲ್ಲಿ ಇಲ್ಲದ ಮಾತು

ಸರ್ಕಾರದ ಕೈಯಲ್ಲಿದ್ದ ಮೊದಲ ಅಸ್ತ್ರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಮುಂಬಯಿಯ ಪ್ಲೇಗಿಗೆ ಬೆದರಿ ಬ್ರಿಟಿಷರು ಅವಸರದಲ್ಲಿ ಮಾಡಿದ್ದು. ಮರುವರ್ಷವೇ ಪ್ಲೇಗು ಬೆಂಗಳೂರಿಗೂ ಬಂತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಅದರ ಬೆನ್ನಿಗೆ. ಕೆಲವೇ ಸಾಲುಗಳ ಆ ಕಾಯ್ದೆ ಸರ್ಕಾರಕ್ಕೆ ಬೇಕಾದ ನಿಯಮ ಮಾಡುವ ಅಧಿಕಾರ ಕೊಟ್ಟಿತು, ಮೀರಿದವರಿಗೆ ದಂಡಸಂಹಿತೆಯ 188ನೇ ಸೆಕ್ಷನ್ ಅನ್ವಯ ಶಿಕ್ಷೆ ಇಟ್ಟಿತು, ಸದುದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಗಳ ಮೇಲೆ ದಾವೆ ಹೂಡದಂತೆ ರಕ್ಷಣೆ ಕೊಟ್ಟಿತು. ಅಂಗಡಿ ಮುಚ್ಚಿದವನ ಗತಿ ಏನು ಎಂಬ ಮಾತು ಅದರಲ್ಲಿ ಇಲ್ಲ.

ಎರಡನೆಯದು 2005ರ ವಿಪತ್ತು ನಿರ್ವಹಣಾ ಕಾಯ್ದೆ. ಸುನಾಮಿಯ ನಂತರ ಬಂದದ್ದು. ಪ್ರವಾಹ, ಭೂಕಂಪಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಇದರ 65, 66ನೇ ಸೆಕ್ಷನ್‌ಗಳನ್ನು ಗಮನಿಸಬೇಕು. ಪರಿಹಾರ ಕಾರ್ಯಕ್ಕೆಂದು ಸರ್ಕಾರ ನಿಮ್ಮ ಕಟ್ಟಡವನ್ನೋ ಲಾರಿಯನ್ನೋ ವಶಕ್ಕೆ ತೆಗೆದುಕೊಂಡರೆ ನಿಮಗೆ ಪರಿಹಾರ ಕೊಡಬೇಕು. ಅದೇ ಕಟ್ಟಡಕ್ಕೆ ಬೀಗ ಹಾಕಿಸಿದರೆ ಏನೂ ಕೊಡಬೇಕಿಲ್ಲ. 12ನೇ ಸೆಕ್ಷನ್ ಸಂತ್ರಸ್ತರಿಗೆ ಕೊಡಬೇಕಾದ ಕನಿಷ್ಠ ನೆರವಿನ ಪಟ್ಟಿಯಲ್ಲಿ ಸಾವಿಗೆ ಪರಿಹಾರದ ಜೊತೆಗೆ ಜೀವನೋಪಾಯವನ್ನು ಮತ್ತೆ ಕಟ್ಟಿಕೊಳ್ಳುವ ಸಹಾಯವನ್ನೂ ಹೆಸರಿಸಿತ್ತು. 2021ರ ಜೂನ್ 30ರಂದು ಗೌರವ್ ಕುಮಾರ್ ಬನ್ಸಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಸೆಕ್ಷನ್ ಹಿಡಿದು, ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ ನೆರವು ಕೊಡುವುದು ಕಡ್ಡಾಯ ಎಂದಿತು. 50,000 ರೂಪಾಯಿ ನಿಗದಿಯಾದದ್ದು ಹಾಗೆ. ಅದೇ ಸಾಲಿನಲ್ಲಿದ್ದ ಜೀವನೋಪಾಯದ ಮಾತಿಗೆ ಅಂಥ ಬಲ ಬರಲಿಲ್ಲ.

ಈ ಕಾಯ್ದೆಯ ಶಿಕ್ಷೆಯ ಭಾಗ ಮಾತ್ರ ಎಲ್ಲರಿಗೂ ಗೊತ್ತಾಯಿತು. ಆದೇಶ ಮೀರಿದರೆ ಒಂದು ವರ್ಷದವರೆಗೆ, ಅದರಿಂದ ಜೀವಹಾನಿಯಾದರೆ ಎರಡು ವರ್ಷದವರೆಗೆ ಜೈಲು. ಕೆಲಸಗಾರರಲ್ಲಿ ಯಾರಿಗಾದರೂ ಸೋಂಕು ತಗುಲಿದರೆ ಮಾಲೀಕನ ಮೇಲೆ ಕೇಸು ಬೀಳುತ್ತದೆ ಎಂಬ ಭಯ 2020ರ ಏಪ್ರಿಲ್‌ನಲ್ಲಿ ಎಷ್ಟು ಹಬ್ಬಿತ್ತೆಂದರೆ, ಹಾಗೇನಿಲ್ಲ ಎಂದು ಕೇಂದ್ರ ಗೃಹ ಕಾರ್ಯದರ್ಶಿಯವರೇ 23ರಂದು ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು. ಏಪ್ರಿಲ್ 20ರಿಂದ ಕೇಂದ್ರ ಕೊಟ್ಟ ಸಡಿಲಿಕೆ ಮುಖ್ಯವಾಗಿ ನಗರಪಾಲಿಕೆ ಗಡಿಯಾಚೆಯ ಕಾರ್ಖಾನೆಗಳಿಗೆ. ಬಾಲಾನಗರ ಮಹಾನಗರ ಪಾಲಿಕೆಯ ಒಳಗಿತ್ತು. ಅದೂ ಅಲ್ಲದೆ ತೆಲಂಗಾಣ ಸರ್ಕಾರ ಆ ಸಡಿಲಿಕೆಯನ್ನೇ ಒಪ್ಪದೆ ಲಾಕ್‌ಡೌನನ್ನು ಮೇ 7ಕ್ಕೆ, ಆಮೇಲೆ ಮೇ 29ಕ್ಕೆ ಮುಂದೂಡಿತು.

ಕೆಲಸಗಾರ ಮೊದಲು ಎನ್ನುವವರು

ಮೊದಲ ವಾದ ಕಾರ್ಮಿಕರ ಪರವಾದದ್ದು. ಕೈಯಲ್ಲಿ ಉಳಿತಾಯವಿಲ್ಲದವನಿಗೆ ಒಂದು ತಿಂಗಳ ಸಂಬಳ ತಪ್ಪಿದರೂ ಅದು ಹಸಿವು. ಮಾಲೀಕ ಎಷ್ಟೇ ಸಣ್ಣವನಾದರೂ ಅವನಿಗಿಂತ ಇವನು ಸಣ್ಣವನು. ಆದ್ದರಿಂದ ನಷ್ಟ ಮೇಲಕ್ಕೆ ಹೋಗಬೇಕು. ಕೇಂದ್ರ ಗೃಹ ಸಚಿವಾಲಯ 2020ರ ಮಾರ್ಚ್ 29ರಂದು ಹೊರಡಿಸಿದ ಆದೇಶ ಈ ವಾದದ ತುತ್ತತುದಿ. ಕಾರ್ಖಾನೆ ಇರಲಿ, ಅಂಗಡಿ ಇರಲಿ, ಮುಚ್ಚಿದ ಅವಧಿಗೂ ಕಡಿತವಿಲ್ಲದೆ, ನಿಗದಿತ ದಿನಕ್ಕೆ, ಪೂರ್ತಿ ಸಂಬಳ ಕೊಡಬೇಕು. ವಲಸೆ ಕಾರ್ಮಿಕರಿಂದ ಮನೆ ಮಾಲೀಕರು ಒಂದು ತಿಂಗಳು ಬಾಡಿಗೆ ಕೇಳಬಾರದು. ಆದರೆ ಶೆಡ್ಡಿನ ಬಾಡಿಗೆಯ ಬಗ್ಗೆ ಅದರಲ್ಲಿ ಒಂದಕ್ಷರವಿರಲಿಲ್ಲ.

ಇದನ್ನು ಪ್ರಶ್ನಿಸಿ ಸಣ್ಣ ಉದ್ಯಮಗಳು ಸುಪ್ರೀಂ ಕೋರ್ಟಿಗೆ ಹೋದವು. ಅವರ ವಾದದಲ್ಲೂ ತಿರುಳಿತ್ತು. ಕೆಲಸ ಕೊಡಲಾಗದಾಗ ಏನು ಮಾಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆಯೇ ಹೇಳಿತ್ತು. 50 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಲೇ-ಆಫ್ ಮಾಡಿದರೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಕೊಡಬೇಕು. 50ಕ್ಕಿಂತ ಕಡಿಮೆ ಇದ್ದರೆ ಆ ಹೊಣೆಯೂ ಇಲ್ಲ. ಬಾಲಾನಗರದ ಹೆಚ್ಚಿನ ಶೆಡ್ಡುಗಳು ಈ ಎರಡನೇ ಗುಂಪಿನವು. ಸಂಸತ್ತು ಮಾಡಿದ ಕಾಯ್ದೆ ಅರ್ಧ ಅಥವಾ ಸೊನ್ನೆ ಎಂದಿರುವಾಗ ಕಾರ್ಯದರ್ಶಿಯ ಆದೇಶ ಪೂರ್ತಿ ಕೊಡಿ ಎನ್ನಬಹುದೆ?

ಫೈಕಸ್ ಪ್ಯಾಕ್ಸ್ ಪ್ರಕರಣ ಎಂದು ಹೆಸರಾದ ಈ ಮೊಕದ್ದಮೆಯಲ್ಲಿ ನ್ಯಾಯಮೂರ್ತಿಗಳಾದ ಅಶೋಕ್ ಭೂಷಣ್, ಸಂಜಯ್ ಕಿಶನ್ ಕೌಲ್, ಎಂ.ಆರ್. ಶಾ ಅವರ ಪೀಠ 2020ರ ಜೂನ್ 12ರಂದು ಮಧ್ಯಂತರ ಆದೇಶ ಕೊಟ್ಟಿತು. ಅಷ್ಟರಲ್ಲಿ ಸರ್ಕಾರ ಮೇ 18ರಿಂದ ಪೂರ್ತಿ ಸಂಬಳದ ಆದೇಶವನ್ನು ಕೈಬಿಟ್ಟಿತ್ತು. ವಿವಾದ ಉಳಿದದ್ದು ಸುಮಾರು 50 ದಿನಗಳ ಸಂಬಳಕ್ಕೆ. ಮಾಲೀಕರ ಮೇಲೆ ಬಲಾತ್ಕಾರದ ಕ್ರಮ ಬೇಡ, ಇಬ್ಬರೂ ಕೂತು ಮಾತಾಡಿಕೊಳ್ಳಲಿ, ಆಗದಿದ್ದರೆ ಕಾರ್ಮಿಕ ಇಲಾಖೆಯ ನೆರವು ಪಡೆಯಲಿ ಎಂದು ಪೀಠ ಹೇಳಿತು. ಸರ್ಕಾರದ ಆದೇಶ ಸಿಂಧುವೋ ಅಸಿಂಧುವೋ ಎಂಬುದನ್ನು ಅಂದು ತೀರ್ಮಾನಿಸಲಿಲ್ಲ. ಆದರೆ ಮಾತುಕತೆಗೆ ಎದುರು ಕೂರಬೇಕಾದವರು ಎಲ್ಲಿದ್ದರು? ಮೇ 1ರಂದು ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ದೇಶದ ಮೊದಲ ಶ್ರಮಿಕ್ ರೈಲು ಹೊರಟಿದ್ದು ಹೈದರಾಬಾದಿನದೇ ಲಿಂಗಂಪಲ್ಲಿ ನಿಲ್ದಾಣದಿಂದ, ಜಾರ್ಖಂಡಿನ ಹಟಿಯಾಕ್ಕೆ, ಸುಮಾರು 1,200 ಜನರನ್ನು ಹೊತ್ತು. ಅದರ ನಂತರ ರೈಲಿನ ಮೇಲೆ ರೈಲು. ಜೂನ್ ಹೊತ್ತಿಗೆ ಒಡಿಶಾ, ಬಿಹಾರದ ಎಷ್ಟೋ ಹುಡುಗರು ಊರಲ್ಲಿದ್ದರು.

ಕಾರ್ಮಿಕ ಪರ ವಾದಕ್ಕೆ ಸ್ಪಷ್ಟ ಗೆಲುವು ಸಿಕ್ಕಿದ್ದು ಇನ್ನೊಂದು ಕಡೆ. ಕಾರ್ಖಾನೆಗಳ ಚೇತರಿಕೆಯ ಹೆಸರಿನಲ್ಲಿ ಹಲವು ರಾಜ್ಯಗಳು ಕೆಲಸದ ಗಂಟೆ ಹೆಚ್ಚಿಸಿದವು. ಕರ್ನಾಟಕ 2020ರ ಮೇ 22ರಂದು ದಿನಕ್ಕೆ 10, ವಾರಕ್ಕೆ 60 ಗಂಟೆ ಎಂದು ಅಧಿಸೂಚನೆ ಹೊರಡಿಸಿತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದಾಗ ಜೂನ್‌ನಲ್ಲಿ ಹಿಂತೆಗೆದುಕೊಂಡಿತು. ಗುಜರಾತ್ 12 ಗಂಟೆ ಮಾಡಿ, ಹೆಚ್ಚಿನ ಗಂಟೆಗೆ ದುಪ್ಪಟ್ಟು ಓಟಿ ಬೇಡ ಎಂದಿತ್ತು. ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಸಾಂಕ್ರಾಮಿಕದಿಂದ ಆರ್ಥಿಕತೆ ಕುಸಿದದ್ದು ಕಾರ್ಖಾನೆ ಕಾಯ್ದೆ ಹೇಳುವ 'ಸಾರ್ವಜನಿಕ ತುರ್ತು' ಆಗುವುದಿಲ್ಲ, ಆ ಭಾರವನ್ನು ಕಾರ್ಮಿಕರ ಬೆನ್ನಿಗೆ ಕಟ್ಟಲಾಗದು ಎಂಬುದು ಆ ತೀರ್ಪಿನ ಸಾರ. ಇದು ಸರಿಯಾದ ತೀರ್ಪು. ಆದರೆ ಯಾರು ಹೊರಬಾರದು ಎಂದಷ್ಟೇ ಅದು ಹೇಳಿತು. ಯಾರು ಹೊರಬೇಕು ಎಂಬುದು ಆ ಮೊಕದ್ದಮೆಯ ಪ್ರಶ್ನೆಯಾಗಿರಲಿಲ್ಲ.

ಕರಾರು ಕರಾರೇ ಎನ್ನುವವರು

ಎರಡನೇ ವಾದ ಒಪ್ಪಂದದ್ದು. ಸಹಿ ಹಾಕಿದ ಮೇಲೆ ಕಷ್ಟ ಬಂತೆಂದು ಕೈಬಿಡಲಾಗದು, ಬಿಟ್ಟರೆ ವ್ಯಾಪಾರದಲ್ಲಿ ಯಾರ ಮಾತಿಗೂ ಬೆಲೆಯಿರದು. 1872ರ ಕರಾರು ಕಾಯ್ದೆಯ 56ನೇ ಸೆಕ್ಷನ್ ನೆರವೇರಿಸಲು ಸಾಧ್ಯವೇ ಇಲ್ಲದ ಕರಾರಿಗೆ ಬಿಡುಗಡೆ ಕೊಡುತ್ತದೆ, ದುಬಾರಿಯಾದದ್ದಕ್ಕೆ ಕೊಡುವುದಿಲ್ಲ. ಸುಪ್ರೀಂ ಕೋರ್ಟಿನ 2017ರ ಎನರ್ಜಿ ವಾಚ್‌ಡಾಗ್ ತೀರ್ಪು ಇದನ್ನೇ ಗಟ್ಟಿಮಾಡಿತ್ತು. ಕೋವಿಡ್ ಬಂದ ಆರಂಭದಲ್ಲೇ, 2020ರ ಏಪ್ರಿಲ್ 8ರಂದು, ಉಕ್ಕು ಆಮದುದಾರರ ಸ್ಟ್ಯಾಂಡರ್ಡ್ ರೀಟೇಲ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್, ಲಾಕ್‌ಡೌನ್ ಕೆಲ ಕಾಲದ್ದು, ಅದರಿಂದ ಹಣ ಕೊಡುವ ಹೊಣೆ ತಪ್ಪದು ಎಂದಿತು. ಮೇ 29ರಂದು ಹ್ಯಾಲಿಬರ್ಟನ್–ವೇದಾಂತ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ಕೋವಿಡ್‌ಗೆ ಮುಂಚೆಯೇ ತಪ್ಪಿದವರು ಈಗ ಕೋವಿಡ್ ಹೆಸರು ಹೇಳಲಾಗದು ಎಂದಿತು.

ಬಾಡಿಗೆಯಲ್ಲಂತೂ ದಾರಿ ಇನ್ನೂ ಕಿರಿದು. ಗೇಣಿ ಎಂಬುದು ಆಸ್ತಿಯ ಹಕ್ಕನ್ನೇ ವರ್ಗಾಯಿಸಿ ಮುಗಿಸಿದ ವ್ಯವಹಾರ, ಅದಕ್ಕೆ 56ನೇ ಸೆಕ್ಷನ್ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ತೀರ್ಮಾನಿಸಿದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಬೆಂಕಿ, ಪ್ರವಾಹ, ದಂಗೆಯಿಂದ ಜಾಗವೇ ನಾಶವಾದರೆ ಗೇಣಿಯಿಂದ ಹೊರಬರಲು ಬಿಡುತ್ತದೆ. ಲಾಕ್‌ಡೌನ್‌ನಲ್ಲಿ ಶೆಡ್ಡಿನ ಗೋಡೆಗೆ ಏನೂ ಆಗಿರಲಿಲ್ಲ. ದೆಹಲಿಯ ಖಾನ್ ಮಾರ್ಕೆಟ್ಟಿನ ಅಂಗಡಿಯೊಂದರ ಬಾಡಿಗೆದಾರರು ವಿನಾಯಿತಿ ಕೇಳಿದ ರಾಮಾನಂದ್–ಗಿರೀಶ್ ಸೋನಿ ಪ್ರಕರಣದಲ್ಲಿ, 2020ರ ಮೇ 21ರಂದು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಕಟ್ಟಲು ಒಂದಿಷ್ಟು ಕಾಲಾವಕಾಶ ಕೊಟ್ಟರು, ಬಾಡಿಗೆ ಬಿಡಲಿಲ್ಲ. ಕರಾರಿನಲ್ಲಿ ಇಂಥ ಸಂಕಟಕ್ಕೆಂದೇ ಷರತ್ತು ಇದ್ದರೆ ಅದರ ಲಾಭ ಪಡೆಯಬಹುದು ಎಂಬುದು ಆ ತೀರ್ಪಿನ ಇನ್ನೊಂದು ಮುಖ. ದೊಡ್ಡ ಮಾಲ್‌ಗಳ ಬಾಡಿಗೆದಾರರಿಗೆ ವಕೀಲರು ಬರೆದ ಕರಾರಿರುತ್ತದೆ. ಸ್ಟಾಂಪ್ ಪೇಪರಿನ ಮೇಲೆ 11 ತಿಂಗಳ ಪಡಿಯಚ್ಚು ಕರಾರು ಮಾಡಿಕೊಂಡವನಿಗೆ ಅಂಥ ಷರತ್ತು ಎಲ್ಲಿಂದ ಬರಬೇಕು?

ಕರಾರಿನ ವಾದವನ್ನು ಸ್ವತಃ ಸರ್ಕಾರವೇ ತನ್ನ ವಿಷಯದಲ್ಲಿ ಸಡಿಲಿಸಿತು ಎಂಬುದು ಮುಖ್ಯ. 2020ರ ಫೆಬ್ರವರಿ 19ರಂದು ಹಣಕಾಸು ಸಚಿವಾಲಯ ಕೊರೊನಾದಿಂದ ಸರಬರಾಜು ತಪ್ಪಿದರೆ ಅದನ್ನು ನೈಸರ್ಗಿಕ ವಿಪತ್ತೆಂದು ಎಣಿಸಬಹುದು ಎಂದಿತು. ಮೇ 13ರಂದು ಸರ್ಕಾರಿ ಗುತ್ತಿಗೆಗಳಿಗೆ ದಂಡವಿಲ್ಲದೆ ಮೂರರಿಂದ ಆರು ತಿಂಗಳ ಕಾಲಾವಕಾಶ ಕೊಟ್ಟಿತು. 2023ರ 'ವಿವಾದ್ ಸೇ ವಿಶ್ವಾಸ್' ಯೋಜನೆಯಲ್ಲಿ, ಕೋವಿಡ್ ಕಾಲದಲ್ಲಿ ಸಣ್ಣ ಉದ್ಯಮಗಳಿಂದ ಮುಟ್ಟುಗೋಲು ಹಾಕಿಕೊಂಡ ಠೇವಣಿ ಮತ್ತು ಮುರಿದುಕೊಂಡ ದಂಡದಲ್ಲಿ ಶೇ. 95 ಹಿಂತಿರುಗಿಸಲು ಮುಂದಾಯಿತು. ಇದು ಒಳ್ಳೆಯ ಕೆಲಸ. ಆದರೆ ಸರ್ಕಾರದೊಂದಿಗೆ ನೇರ ಗುತ್ತಿಗೆ ಇದ್ದವರಿಗೆ ಇದು ಮುಟ್ಟಿತು. ಸರ್ಕಾರಿ ಗುತ್ತಿಗೆ ಪಡೆದ ದೊಡ್ಡ ಕಂಪನಿಗೆ ಬಿಡಿಭಾಗ ಮಾಡಿಕೊಡುವ ಬಾಲಾನಗರದ ಶೆಡ್ಡಿಗೆ ಆ ಕಾಲಾವಕಾಶ ತಾನಾಗಿ ಇಳಿದು ಬರುವುದಿಲ್ಲ. ಅವನ ಕರಾರು ಕಂಪನಿಯೊಂದಿಗೆ, ಬಹಳ ಸಲ ಬರೀ ಒಂದು ಪರ್ಚೇಸ್ ಆರ್ಡರ್ ಮೇಲೆ.

ಮುಂದೂಡಿದರೆ ಸಾಕು ಎನ್ನುವವರು

ಸಾಲದ ವಿಷಯದಲ್ಲಿ ಸರ್ಕಾರ ಮತ್ತು ರಿಸರ್ವ್ ಬ್ಯಾಂಕು ಹಿಡಿದದ್ದು ಮೂರನೇ ದಾರಿ. ಉದ್ಯಮ ಸತ್ತಿಲ್ಲ, ಉಸಿರು ಹಿಡಿದಿದೆ. ಸಮಯ ಕೊಟ್ಟರೆ ಎದ್ದುಕೊಳ್ಳುತ್ತದೆ ಎಂಬ ನಂಬಿಕೆ. 2020ರ ಮಾರ್ಚ್ 27ರಂದು ಮೂರು ತಿಂಗಳು, ಆಮೇಲೆ ಆಗಸ್ಟ್ 31ರವರೆಗೆ ಕಂತಿಗೆ ವಿರಾಮ ಸಿಕ್ಕಿತು. ಬಡ್ಡಿ ಮಾತ್ರ ಓಡುತ್ತಲೇ ಇತ್ತು. ಬಡ್ಡಿಯನ್ನೇ ಮನ್ನಾ ಮಾಡಿ ಎಂದು ಹೋದವರಿಗೆ 2021ರ ಮಾರ್ಚ್ 23ರಂದು ಸುಪ್ರೀಂ ಕೋರ್ಟ್ ಕೊಟ್ಟ ಉತ್ತರ: ಆರ್ಥಿಕ ನೀತಿ ಸರ್ಕಾರದ ಕೆಲಸ, ಪೂರ್ತಿ ಮನ್ನಾ ಸಾಧ್ಯವಿಲ್ಲ, ಆದರೆ ವಿರಾಮದ ಅವಧಿಗೆ ಬಡ್ಡಿಯ ಮೇಲೆ ಬಡ್ಡಿ ಹಾಕುವಂತಿಲ್ಲ, ಸಾಲ ಎಷ್ಟೇ ಇರಲಿ.

ಗೆಲುವು ಎಷ್ಟರದು ಎಂದು ಲೆಕ್ಕ ಹಾಕಿ ನೋಡೋಣ. 10 ಲಕ್ಷ ಸಾಲ, ವರ್ಷಕ್ಕೆ ಶೇ. 12 ಬಡ್ಡಿ ಇದ್ದರೆ ಆರು ತಿಂಗಳ ಸರಳ ಬಡ್ಡಿ 60,000 ರೂಪಾಯಿ. ತಿಂಗಳ ಚಕ್ರಬಡ್ಡಿಯಾದರೆ 61,520. ಉಳಿದದ್ದು 1,520 ರೂಪಾಯಿ. ಅಷ್ಟು ದೀರ್ಘ ಹೋರಾಟದಿಂದ ಅಂಥ ಸಾಲಗಾರನಿಗೆ ದಕ್ಕಿದ್ದು ಇಷ್ಟು.

2020ರ ಮೇ ತಿಂಗಳ ಆತ್ಮನಿರ್ಭರ ಪ್ಯಾಕೇಜಿನ ದೊಡ್ಡ ಭಾಗವಾದ 3 ಲಕ್ಷ ಕೋಟಿ ರೂಪಾಯಿಯ ತುರ್ತು ಸಾಲ ಖಾತರಿ ಯೋಜನೆಯೂ ಇದೇ ಜಾಡಿನದು. ಫೆಬ್ರವರಿ 29ಕ್ಕೆ ಇದ್ದ ಬಾಕಿಯ ಶೇ. 20ರಷ್ಟು ಹೊಸ ಸಾಲ, ಅಡಮಾನವಿಲ್ಲದೆ, ಸರ್ಕಾರದ ಖಾತರಿಯ ಮೇಲೆ, ಬ್ಯಾಂಕುಗಳಲ್ಲಿ ಗರಿಷ್ಠ ಶೇ. 9.25 ಬಡ್ಡಿಗೆ. ಬಹಳಷ್ಟು ಘಟಕಗಳು ಇದರಿಂದ ಉಳಿದುಕೊಂಡವು ಎಂಬುದನ್ನು ಒಪ್ಪಬೇಕು. ಆದರೆ ಆಗಲೇ ಬ್ಯಾಂಕ್ ಸಾಲ ಇದ್ದವನಿಗೆ ಮಾತ್ರ ಇದು ಸಿಗುತ್ತಿತ್ತು. ಕೈಸಾಲ, ಚೀಟಿ ಹಣದ ಮೇಲೆ ನಡೆಸುತ್ತಿದ್ದವನಿಗೆ ಇಲ್ಲ. ಕರ್ನಾಟಕ ಸರ್ಕಾರ 2020ರ ಮೇ 6ರ 1,610 ಕೋಟಿ ರೂಪಾಯಿ ಪ್ಯಾಕೇಜಿನಲ್ಲಿ ಸಣ್ಣ ಕೈಗಾರಿಕೆಗಳ ಎರಡು ತಿಂಗಳ ವಿದ್ಯುತ್ ನಿಗದಿ ಶುಲ್ಕವನ್ನು ಮನ್ನಾ ಮಾಡಿ, ಕ್ಷೌರಿಕರಿಗೆ, ಅಗಸರಿಗೆ ತಲಾ 5,000 ರೂಪಾಯಿ ಕೊಟ್ಟಿತು. ಮೊತ್ತ ಚಿಕ್ಕದು, ಆದರೆ ಅದು ಸಾಲವಲ್ಲ, ನೇರ ನೆರವು.

ದಿವಾಳಿ ಸಂಹಿತೆಯಲ್ಲೂ ಮುಂದೂಡಿಕೆ ಬಂತು. 2020ರ ಮಾರ್ಚ್ 24ರಂದು ಅರ್ಜಿ ಹಾಕಲು ಬೇಕಾದ ಬಾಕಿಯ ಮೊತ್ತ 1 ಲಕ್ಷದಿಂದ 1 ಕೋಟಿಗೆ ಏರಿತು. ಜೂನ್‌ನ ಸುಗ್ರೀವಾಜ್ಞೆಯಿಂದ 10ಎ ಸೆಕ್ಷನ್ ಸೇರಿ, 2020ರ ಮಾರ್ಚ್ 25ರಿಂದ ಕೊನೆಗೆ ಒಂದು ವರ್ಷದವರೆಗಿನ ಬಾಕಿಗೆ ಅರ್ಜಿಯೇ ಇಲ್ಲವಾಯಿತು. ಇದು ಸಣ್ಣವರ ರಕ್ಷಣೆಗೆ ಎಂದು ಹೇಳಲಾಯಿತು. ಆದರೆ ಈ ಸಂಹಿತೆಯಲ್ಲಿ ಜಾರಿಗೆ ಬಂದ ಭಾಗ ಮುಖ್ಯವಾಗಿ ಕಂಪನಿಗಳಿಗೆ. 2015–16ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಸುಮಾರು 6.34 ಕೋಟಿ ಸಣ್ಣ ಉದ್ಯಮಗಳಲ್ಲಿ ಸುಮಾರು ಶೇ. 96 ಒಬ್ಬನೇ ಮಾಲೀಕನವು. ಏಕಮಾಲೀಕನ ದಿವಾಳಿಗೆ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಅವನಿಗೆ 10ಎ ಗುರಾಣಿಯಾಗಲಿಲ್ಲ. ಚೆಕ್ ಬೌನ್ಸ್ ಕೇಸಿನಿಂದಲೂ ಅದು ಅವನನ್ನು ಕಾಯಲಿಲ್ಲ. ಬದಲಾಗಿ ಅವನ ಕೈಲಿದ್ದ ಒಂದು ಅಸ್ತ್ರ ಹೋಯಿತು. ಐದಾರು ಲಕ್ಷ ಬಾಕಿ ಉಳಿಸಿಕೊಂಡ ಕಂಪನಿಗೆ ದಿವಾಳಿ ನೋಟಿಸು ಕಳಿಸಿದರೆ ಹಣ ಬರುತ್ತಿತ್ತು. 1 ಕೋಟಿಯ ಗೆರೆ ಎಳೆದ ಮೇಲೆ ಆ ದಾರಿ ಮುಚ್ಚಿತು, ಕೋವಿಡ್ ಮುಗಿದರೂ ಮತ್ತೆ ತೆರೆಯಲಿಲ್ಲ.

ಬರಬೇಕಾದ ಹಣದ ಕಥೆ

ಸಣ್ಣ ಉದ್ಯಮಿಯನ್ನು ಸಾಲಗಾರನಾಗಿ ಮಾತ್ರ ನೋಡುವ ಚರ್ಚೆ ಅರ್ಧ ಚರ್ಚೆ. ಅವನಿಗೆ ಬರಬೇಕಾದ ಹಣ ಬಂದಿದ್ದರೆ ಎಷ್ಟೋ ಸಂಬಳ, ಬಾಡಿಗೆ ತಾವಾಗಿಯೇ ತೀರುತ್ತಿದ್ದವು. ಈ ವಿಷಯದಲ್ಲಿ ನಮ್ಮಲ್ಲಿ ಕಾನೂನು ಇದೆ, ಅದೂ ಬಲವಾದದ್ದೇ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಘಟಕದಿಂದ ಮಾಲು ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. 2020ರ ಮೇ ಕೊನೆಯಲ್ಲಿ ಬ್ಯಾಂಕ್ ದರ ಶೇ. 4.25 ಇತ್ತು, ಮೂರು ಪಟ್ಟು ಎಂದರೆ 12.75. ಈ ಬಾಕಿಯ ವಿವಾದ ಕೇಳುವ ಫೆಸಿಲಿಟೇಶನ್ ಕೌನ್ಸಿಲ್ ತೀರ್ಪು ಕೊಟ್ಟ ಮೇಲೆ ಅದನ್ನು ಪ್ರಶ್ನಿಸಲು ಕೊಂಡವರು ಮೊದಲು ಶೇ. 75 ಹಣ ಠೇವಣಿ ಇಡಬೇಕು. ಮೊಕದ್ದಮೆ ಹೂಡಲು ಕಾಲವೂ ಸಿಕ್ಕಿತು. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಕಾಲಮಿತಿಯಿಂದ ಬಿಟ್ಟು ಎಣಿಸಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತ್ತು.

ಹಾಗಿದ್ದೂ ಕೇಸು ಹಾಕುವವರು ಕಡಿಮೆ. ಒಂದೇ ಕಂಪನಿಯ ಆರ್ಡರಿನ ಮೇಲೆ ನಿಂತವನು ಅದೇ ಕಂಪನಿಯ ಮೇಲೆ ದೂರು ಕೊಟ್ಟರೆ ನಾಳೆ ಲೇತ್ ಓಡಿಸಲು ಕೆಲಸ ಇರುವುದಿಲ್ಲ. ಇತ್ತ ಬಿಲ್ಲು ಹಾಕಿದ ಮರುತಿಂಗಳೇ, ಹಣ ಬಂದಿರಲಿ ಬಿಡಲಿ, ಜಿಎಸ್‌ಟಿ ಕಟ್ಟಬೇಕು. ಕೋವಿಡ್ ಮೊದಲ ಅಲೆಯಲ್ಲಿ 5 ಕೋಟಿವರೆಗಿನ ವಹಿವಾಟಿನವರಿಗೆ ಕೆಲವು ತಿಂಗಳ ತಡಕ್ಕೆ ಬಡ್ಡಿ ಬಿಟ್ಟು, ಆಮೇಲೆ 18ರ ಬದಲು ಶೇ. 9 ಮಾಡಿದ್ದು ನಿಜ. ಆದರೂ ರಿಟರ್ನ್ ಸಲ್ಲಿಸದೆ ನೋಂದಣಿಯೇ ರದ್ದಾದವರಿದ್ದರು. ಸೇಲಂ ಕಡೆಯ ಒಂದು ಕಟ್‌ಪೀಸ್ ಬಟ್ಟೆ ಅಂಗಡಿ ಇಂಥ ರದ್ದತಿಯನ್ನು ಮದ್ರಾಸ್ ಹೈಕೋರ್ಟಿಗೆ ಒಯ್ದಿತು. ಬಾಕಿ ಕಟ್ಟಿಸಿಕೊಂಡು ನೋಂದಣಿ ಮರಳಿ ಕೊಡಿ, ವ್ಯಾಪಾರಿಯನ್ನು ತೆರಿಗೆ ವ್ಯವಸ್ಥೆಯ ಹೊರಗಿಟ್ಟು ಯಾರಿಗೂ ಲಾಭವಿಲ್ಲ ಎಂದು ಆ ನ್ಯಾಯಾಲಯ 2022ರ ಜನವರಿ 31ರಂದು ಹೇಳಿದ್ದು ಬೇರೆ ಎಷ್ಟೋ ಅಂಗಡಿಗಳಿಗೆ ದಾರಿ ಮಾಡಿಕೊಟ್ಟಿತು.

ಇನ್ನೊಂದು ತೊಡಕು ಸಣ್ಣ ಉದ್ಯಮವೆಂದು ಮಾಡಿಸುವ ನೋಂದಣಿಯ ದಿನಾಂಕ. 2021ರ ಸಿಲ್ಪಿ ಇಂಡಸ್ಟ್ರೀಸ್, 2022ರ ಮಹಾಕಾಳಿ ಫುಡ್ಸ್ ತೀರ್ಪುಗಳ ಪ್ರಕಾರ ಕರಾರಿನ ಹೊತ್ತಿಗೆ ನೋಂದಣಿ ಇಲ್ಲದಿದ್ದವರು ಆಮೇಲೆ ಮಾಡಿಸಿಕೊಂಡು ಹಿಂದಿನ ಬಾಕಿಗೆ 2006ರ ಕಾಯ್ದೆಯ ಲಾಭ ಕೇಳುವಂತಿಲ್ಲ. ಬಾಕಿ ನಿಂತ ಮೇಲೆಯೇ ಕಾನೂನು ಹುಡುಕುವ ಸಣ್ಣವನಿಗೆ ಇದು ದೊಡ್ಡ ಏಟು. 2025ರ ಜನವರಿಯಲ್ಲಿ ಎನ್‌ಬಿಸಿಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಪ್ರಶ್ನೆಯನ್ನು ಮರುಚಿಂತನೆಗೆಂದು ದೊಡ್ಡ ಪೀಠಕ್ಕೆ ಒಪ್ಪಿಸಿತು. ನಡುವೆ 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಯಲ್ಲಿ 43ಬಿ(ಎಚ್) ಸೇರಿಸಿ, ಸಕಾಲಕ್ಕೆ ಹಣ ಕೊಡದ ಕಂಪನಿ ಆ ಖರ್ಚನ್ನು ಅದೇ ವರ್ಷದ ಲೆಕ್ಕದಲ್ಲಿ ಕಳೆಯದಂತೆ ಮಾಡಿದೆ. ಕೇಸು ಹಾಕದೆಯೂ ಕೊಂಡವನ ಮೇಲೆ ಒತ್ತಡ ಬೀಳುವಂಥ ಈ ಬಗೆಯ ಕ್ರಮವೇ ಸಣ್ಣವನ ಸ್ಥಿತಿಗೆ ಹೊಂದುತ್ತದೆ.

ಹಂಚಿಕೊಳ್ಳೋಣ ಎನ್ನುವವರು

ನಾಲ್ಕನೇ ವಾದ ಹೊರದೇಶಗಳಲ್ಲಿ ಕಾಯ್ದೆಯಾಗಿಯೇ ಬಂತು. ಸಿಂಗಪುರ 2020ರ ಏಪ್ರಿಲ್‌ನಲ್ಲೇ ತಾತ್ಕಾಲಿಕ ಕಾಯ್ದೆ ಮಾಡಿತು. ಆಮೇಲೆ ಬಾಡಿಗೆಯ ಭಾರವನ್ನು ಅಳೆದು ಹಂಚಿತು. ಅರ್ಹ ಸಣ್ಣ ವ್ಯಾಪಾರಿಗೆ ಅಂಗಡಿಯಾದರೆ ನಾಲ್ಕು ತಿಂಗಳ, ಕಾರ್ಖಾನೆ ಅಥವಾ ಕಚೇರಿಯಾದರೆ ಎರಡು ತಿಂಗಳ ಬಾಡಿಗೆ ಮನ್ನಾ. ಅದರಲ್ಲಿ ಅರ್ಧ ಸರ್ಕಾರದ್ದು, ಅರ್ಧ ಮಾಲೀಕನದು. ಬ್ರಿಟನ್ 2022ರಲ್ಲಿ ಕಾಯ್ದೆ ಮಾಡಿ, ಮುಚ್ಚಿದ ಅವಧಿಯ ಬಾಡಿಗೆ ಬಾಕಿಯನ್ನು ಪ್ರತ್ಯೇಕವಾಗಿಟ್ಟು ಮಧ್ಯಸ್ಥಿಕೆಗೆ ಒಪ್ಪಿಸಿತು. ಬಾಡಿಗೆದಾರನ ವ್ಯಾಪಾರ ಉಳಿಯಬೇಕು, ಮಾಲೀಕನೂ ಮುಳುಗಬಾರದು ಎಂಬುದು ಮಧ್ಯಸ್ಥನಿಗೆ ಕೊಟ್ಟ ಅಳತೆಗೋಲು.

ವಿಮೆಯ ಪಾಲೂ ಇದರಲ್ಲಿ ಸೇರುತ್ತದೆ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಜನವರಿ 15ರಂದು, ವ್ಯಾಪಾರ ನಿಂತ ನಷ್ಟಕ್ಕೆ ವಿಮೆ ಮಾಡಿಸಿದ್ದ ಸಣ್ಣವರ ಪರವಾಗಿ ಬಹುಪಾಲು ತೀರ್ಪು ಕೊಟ್ಟಿತು. ಸುಮಾರು 3,70,000 ಪಾಲಿಸಿದಾರರ ಮೇಲೆ ಅದರ ಪರಿಣಾಮ ಬೀಳಬಹುದೆಂದು ಅಂದಾಜಿತ್ತು. ನಮ್ಮಲ್ಲಿ ಲಾಭ ತಪ್ಪಿದ ನಷ್ಟದ ವಿಮೆ ಬೆಂಕಿ ವಿಮೆಗೆ ಅಂಟಿಕೊಂಡಿರುತ್ತದೆ. ಸ್ವತ್ತಿಗೆ ಹಾನಿಯಾದರೆ ಮಾತ್ರ ಕ್ಲೇಮು. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಸಣ್ಣ ಉದ್ಯಮಗಳಿಗೆಂದೇ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ', 'ಭಾರತ್ ಲಘು ಉದ್ಯಮ ಸುರಕ್ಷಾ' ಪಾಲಿಸಿಗಳನ್ನು ತಂದಿತು. ಕೋವಿಡ್ ನಡುವೆಯೇ ಬಂದ ಇವೂ ಬೆಂಕಿ, ಬಿರುಗಾಳಿ, ಪ್ರವಾಹದ ಹಾನಿಗೆ; ಸರ್ಕಾರದ ಆದೇಶದಿಂದ ಮುಚ್ಚಿದ್ದಕ್ಕೆ ಅಲ್ಲ.

ತೆಲಂಗಾಣದಲ್ಲಿ ಒಂದು ಸಂಸ್ಥೆ ಇತ್ತು ಎಂಬುದನ್ನು ಮರೆಯಬಾರದು. ನರಳುವ ಸಣ್ಣ ಕೈಗಾರಿಕೆಗಳನ್ನು ಎತ್ತಿ ನಿಲ್ಲಿಸಲೆಂದೇ ರಾಜ್ಯ ಸರ್ಕಾರ ಕೋವಿಡ್‌ಗೆ ಮೊದಲೇ ಹುಟ್ಟುಹಾಕಿದ ತೆಲಂಗಾಣ ಇಂಡಸ್ಟ್ರಿಯಲ್ ಹೆಲ್ತ್ ಕ್ಲಿನಿಕ್ ಅದು. ಬ್ಯಾಂಕು ಬಾಗಿಲು ಹಾಕುವ ಮೊದಲು ಘಟಕದ ರೋಗ ಗುರುತಿಸುವುದು ಅದರ ಉದ್ದೇಶ. ಇಂಥದ್ದು ಪ್ರತಿ ರಾಜ್ಯದಲ್ಲೂ ಇರಬೇಕಿತ್ತು, ಕರ್ನಾಟಕದಲ್ಲಿ ಕೂಡ.

ಇನ್ನೂ ತೀರದ ಪ್ರಶ್ನೆಗಳು

ಪೂರ್ತಿ ಸಂಬಳ ಕೊಡಿ ಎಂದು ವಿಪತ್ತು ಕಾಯ್ದೆಯಡಿ ಖಾಸಗಿಯವರಿಗೆ ಆದೇಶಿಸುವ ಅಧಿಕಾರ ಸರ್ಕಾರಕ್ಕೆ ಇದೆಯೆ? ಫೈಕಸ್ ಪ್ಯಾಕ್ಸ್ ಆದೇಶ ಇದಕ್ಕೆ ಉತ್ತರ ಕೊಟ್ಟಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಸಾಂಕ್ರಾಮಿಕದ ಹೆಸರು ಬಂದಿದೆ. ಅಂಥ ಕಾಲದಲ್ಲಿ ಪಿಎಫ್, ಇಎಸ್‌ಐ ವಂತಿಗೆಯನ್ನು ಕೇಂದ್ರ ಸರ್ಕಾರ ಮುಂದೂಡಬಹುದು ಅಥವಾ ಇಳಿಸಬಹುದು. ಸಂಬಳದ ಹೊಣೆ ಯಾರದೆಂಬುದು ಅಲ್ಲಿಯೂ ಇತ್ಯರ್ಥವಾಗಿಲ್ಲ. 50ಕ್ಕಿಂತ ಕಡಿಮೆ ಕೆಲಸಗಾರರ ಶೆಡ್ಡಿನಲ್ಲಿ ಲೇ-ಆಫ್ ಪರಿಹಾರ ಈಗಲೂ ಕಡ್ಡಾಯವಲ್ಲ. ಅಲ್ಲಿನ ಕೆಲಸಗಾರನೂ ಅವನ ಯಜಮಾನನೂ ಮುಂದಿನ ಸಲ ಮತ್ತೆ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಲ್ಲಬೇಕಾಗುತ್ತದೆ.

ಬಾಡಿಗೆಯ ವಿಷಯದಲ್ಲಿ 1968ರ ತೀರ್ಪು ಹಾಗೆಯೇ ಇದೆ. ಆದೇಶದಿಂದ ಮುಚ್ಚಿದ ಜಾಗವನ್ನು ಉಪಯೋಗಕ್ಕೆ ಸಿಗದ ಜಾಗವೆಂದು ಎಣಿಸಬೇಕೇ ಬೇಡವೇ ಎಂದು ಸಂಸತ್ತು ಹೇಳಿಲ್ಲ. ಏಕಮಾಲೀಕರಿಗೆ ಅನ್ವಯಿಸುವ ದಿವಾಳಿ ಅಧ್ಯಾಯ ಪುಸ್ತಕದಲ್ಲಿದೆ, ಜಾರಿಗೆ ಬಂದಿಲ್ಲ. ಮೇಲಿನ ಗುತ್ತಿಗೆದಾರನಿಗೆ ಸಿಕ್ಕ ಕಾಲಾವಕಾಶ ಕೆಳಗಿನ ಜಾಬ್ ವರ್ಕ್ ಮಾಡುವವನಿಗೂ ಇಳಿಯಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ಎಲ್ಲಕ್ಕಿಂತ ಕಳವಳದ ಸಂಗತಿ ಇನ್ನೊಂದಿದೆ. ವಿಪತ್ತು ನಿರ್ವಹಣಾ ಕಾಯ್ದೆಯ 13ನೇ ಸೆಕ್ಷನ್, ತೀವ್ರ ವಿಪತ್ತಿನಲ್ಲಿ ಸಂತ್ರಸ್ತರಿಗೆ ಸಾಲ ಮರುಪಾವತಿಯಲ್ಲಿ ರಿಯಾಯಿತಿ ಅಥವಾ ಸುಲಭ ಷರತ್ತಿನ ಹೊಸ ಸಾಲ ಕೊಡಿಸುವಂತೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಶಿಫಾರಸು ಮಾಡಬಹುದು ಎಂದಿತ್ತು. ಸಾಲಗಾರನಾದ ಸಣ್ಣ ಉದ್ಯಮಿ ಬೆರಳಿಟ್ಟು ತೋರಿಸಬಹುದಾಗಿದ್ದ ಸಾಲು ಅದು. 2025ರ ತಿದ್ದುಪಡಿ ಕಾಯ್ದೆ ಆ ಸೆಕ್ಷನ್ನನ್ನೇ ತೆಗೆದುಹಾಕಿತು. ವಯನಾಡಿನ ಭೂಕುಸಿತ ಸಂತ್ರಸ್ತರ ಸಾಲಮನ್ನಾ ವಿಚಾರಣೆಯಲ್ಲಿ ಕೇಂದ್ರ ಸರ್ಕಾರ ಕೇರಳ ಹೈಕೋರ್ಟಿಗೆ ಇದನ್ನೇ ಹೇಳಿತು: ಅಂಥ ಅಧಿಕಾರ ಈಗ ಇಲ್ಲ. ಕೋವಿಡ್ ಕಲಿಸಿದ ಮೇಲೆ ಗಟ್ಟಿಯಾಗಬೇಕಿದ್ದ ಜಾಗದಲ್ಲೇ ಕಾನೂನು ತೆಳ್ಳಗಾಗಿದೆ.

ಬಾಲಾನಗರ, ಜೀಡಿಮೆಟ್ಲ, ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್ ಎಲ್ಲ ಕಡೆ ಸಣ್ಣ ಉದ್ಯಮಿಗಳ ಸಂಘಗಳಿವೆ. 13ನೇ ಸೆಕ್ಷನ್ ಮರಳಿ ಬರಬೇಕು, ಸರ್ಕಾರಿ ಆದೇಶದಿಂದ ಮುಚ್ಚಿದ ಜಾಗದ ಬಾಡಿಗೆಗೂ ಸಂಬಳಕ್ಕೂ ಹಂಚಿಕೆಯ ಸೂತ್ರ ಕಾಯ್ದೆಯಲ್ಲೇ ಬರೆದಿರಬೇಕು ಎಂದು ಅವು ತಮ್ಮ ಸಂಸದರನ್ನು ಈಗ ಕೇಳಬೇಕು, ರೋಗ ಇಲ್ಲದ ಈ ದಿನಗಳಲ್ಲಿ. ಅಲ್ಲಿಯವರೆಗೆ ಒಬ್ಬೊಬ್ಬರೂ ಮಾಡಬಹುದಾದದ್ದು ಇಷ್ಟು: ಮುಂದಿನ ಆರ್ಡರ್ ಒಪ್ಪಿಕೊಳ್ಳುವ ಮೊದಲು ಸಣ್ಣ ಉದ್ಯಮಗಳ 'ಉದ್ಯಮ್' ನೋಂದಣಿ ಮಾಡಿಸಿ, ಬಾಡಿಗೆ ಕರಾರು ನವೀಕರಿಸುವಾಗ ಸರ್ಕಾರ ಮುಚ್ಚಿಸಿದ ಅವಧಿಗೆ ಬಾಡಿಗೆ ಎಷ್ಟು ಎಂಬ ಒಂದು ಷರತ್ತು ಬರೆಸಿ.